ನಿಂತರೆ ಮಾತ್ರ ತಪ್ಪು

"ನಿಂತ್ರಿ ನೋಡಿ. ನಡೀರಿ ಅಮ್ಮಾ, ನಡೀತಾ ಇರಿ," ಎಂದ ಪೊಲೀಸಿನ ಕೆಲ್ವಿನ್, ಕಾರಿನ ಕಿಟಕಿಯಿಂದ ತಲೆ ಹೊರಹಾಕಿ.

ಶೂ ಒಳಗೆ ಸೇರಿದ್ದ ಕಲ್ಲನ್ನು ಕೊಡವದೆ ಲೊರೆಟ್ಟಾ ಹಾಗೇ ಹೆಜ್ಜೆ ಕಿತ್ತಳು. "ಉಸಿರಾಡಬಹುದಾ? ಅದಕ್ಕೂ ಕಾನೂನಿದ್ಯಾ?"

"ಆಡಿ. ಒಂದೇ ಮನೆ ಮುಂದೆ ನಿಂತು ಆಡಬೇಡಿ, ಅಷ್ಟೆ. ಬೋರ್ಡು ಹಿಡಿದು ಒಬ್ಬರ ಮನೆ ಮುಂದೆ ನಿಂತ್ರೆ ಕಾನೂನು ಪ್ರಕಾರ ತಪ್ಪು, ಬೀದಿ ಉದ್ದಕ್ಕೂ ಅಡ್ಡಾಡೋದು ನಿಮ್ಮ ಹಕ್ಕು. ಯಾರಾದ್ರೂ ಮೈಮೇಲೆ ಬಂದ್ರೆ ನಾನಿದೀನಿ."

ಆ ಹಕ್ಕು ಎಂಥದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗರ್ಭಪಾತದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಮಗ ವೆಸ್ಲಿ ಕಾರು ಉರುಳಿ ಸತ್ತ. ಮಣ್ಣು ಮಾಡುವ ದಿನ, ಗರ್ಭಪಾತ ಕೊಲೆಯೆಂದು ಸಾರುತ್ತಿದ್ದ ಪಾದ್ರಿ ಸ್ಟ್ಯಾಮ್ ತನ್ನ ಸಭೆಯವರನ್ನು ಸ್ಮಶಾನದೆದುರು ಫಲಕ ಹಿಡಿಸಿ ನಿಲ್ಲಿಸಿದ್ದ. ಅವಳು ಮೊಕದ್ದಮೆ ಹೂಡಿದಳು, ಸೋತಳು. ರಸ್ತೆ ಎಲ್ಲರದು, ಮಾತು ಎಷ್ಟೇ ಕಟುವಾಗಿದ್ದರೂ ಅದನ್ನಾಡುವ ಸ್ವಾತಂತ್ರ್ಯ ಸಂವಿಧಾನ ಕೊಟ್ಟದ್ದು ಎಂದರು ನ್ಯಾಯಾಧೀಶರು.

ಇಂದು ಸ್ಟ್ಯಾಮ್‌ನ ಮಗಳ ಮದುವೆ, ಈ ಬೀದಿಯ ಅವನ ಮನೆಯಂಗಳದಲ್ಲೇ. ಗಂಡಿನ ಕಡೆಯವರು ದೂರದವರು, ಪಾದ್ರಿಯನ್ನು ಸಾಧು ಮನುಷ್ಯನೆಂದು ನಂಬಿದವರು. ಕಾರಿನಿಂದ ಇಳಿದ ಒಬ್ಬೊಬ್ಬರೂ ಲೊರೆಟ್ಟಾಳ ಫಲಕವನ್ನು ಓದಲೇಬೇಕಿತ್ತು. ಅದರಲ್ಲಿ ಅವಳದೊಂದು ಮಾತೂ ಇರಲಿಲ್ಲ. ಮಗನ ಪಟ, ಅಂದು ಪಾದ್ರಿ ಎತ್ತಿ ಹಿಡಿದಿದ್ದ ಬರಹ: 'ಈ ನರ್ಸ್ ಸತ್ತ, ದೇವರಿಗೆ ಸ್ತೋತ್ರ.' ಕೆಳಗೆ ಪಾದ್ರಿಯ ಪೂರ್ತಿ ಹೆಸರು.

ಮದುಮಗನ ತಾಯಿ ಉಡುಗೊರೆಯ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು. "ಇದನ್ನ ಅವರೇ ಹೇಳಿದ್ದಾ?"

"ಅವರನ್ನೇ ಕೇಳಿ. ಸುಳ್ಳು ಹೇಳೋ ಜನ ಅಲ್ಲ," ಎಂದು ಲೊರೆಟ್ಟಾ ಮುಂದೆ ನಡೆದಳು.

ಆಕೆ ಒಳಗೆ ಹೋಗಿದ್ದೇ ತಡ, ಸ್ಟ್ಯಾಮ್ ಓಡಿಬಂದ. ಲೊರೆಟ್ಟಾ ನಿಲ್ಲಲಿಲ್ಲ, ಅವನೇ ಏದುಸಿರು ಬಿಡುತ್ತ ಜೊತೆಗೆ ಹೆಜ್ಜೆ ಹಾಕಬೇಕಾಯಿತು.

"ಕೆಲ್ವಿನ್, ಇವರನ್ನ ಕಳಿಸಪ್ಪ."

"ಹೇಗೆ ಕಳಿಸ್ಲಿ ಪಾದ್ರಿಗಳೇ? ಅವತ್ತು ನಿಮಗೂ ನಾನೇ ಕಾವಲಿದ್ದೆ."

ಸ್ಟ್ಯಾಮ್ ದನಿ ತಗ್ಗಿಸಿದ. "ನನ್ನ ಮಗಳು ಏನು ಮಾಡಿದ್ಲು ಲೊರೆಟ್ಟಾ ಅವರೇ? ಒಳಗೆ ಅಳ್ತಾ ಕೂತಿದಾಳೆ."

"ನಾನೂ ಅಳ್ತಿದ್ದೆ. ನೀವು ಹಾಡು ಹೇಳ್ತಿದ್ರಿ, ಕೇಳಿಸ್ಲಿಲ್ಲ ಅನ್ಸುತ್ತೆ."

"ಒಳಗೆ ಬನ್ನಿ. ಎಲ್ಲರೆದುರು ಮೈಕಿನಲ್ಲಿ ನಿಮ್ಮ ಮಗನ ಹೆಸರು ಹೇಳಿ ಕ್ಷಮೆ ಕೇಳ್ತೀನಿ. ಮಂಡಿಯೂರು ಅಂದ್ರೆ ಊರ್ತೀನಿ. ಆ ಬೋರ್ಡು ಕೆಳಗಿಡಿ ಸಾಕು."

ಕೋರ್ಟಿಗೆ ಅಲೆದ ಕಾಲದಲ್ಲೆಲ್ಲ ಅವಳು ಬೇಡಿದ್ದು ಇದಿಷ್ಟನ್ನೇ. ಅಂಗಳದಲ್ಲಿ ಪಿಟೀಲು ಶುರುವಾಗಿ ಅರ್ಧಕ್ಕೇ ನಿಂತಿತು. ಪಾದ್ರಿಯ ಹಣೆಯ ಬೆವರು ಬಿಳಿಯ ಕಾಲರಿಗೆ ಇಳಿಯುವುದನ್ನು ನೋಡುತ್ತಲೇ ಅವಳು ಫಲಕದ ಕೋಲನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡಳು.

"ಬೇಡ," ಎಂದಳು.