ಏಳನೇ ಟೆಂಟಿನ ಬಾಗಿಲು

ಕಾಡಿನಂಚಿನ ಆ ಸಫಾರಿ ಕ್ಯಾಂಪಿನಲ್ಲಿ ಹನ್ನೆರಡು ಟೆಂಟುಗಳಿದ್ದವು. ಹನ್ನೆರಡಕ್ಕೂ ಒಬ್ಬನೇ ಮೇನೇಜರ್. ಕೆಲಸದವರು ಅವನ ಬೆನ್ನ ಹಿಂದೆ ಅವನನ್ನು ತಿಂಗಳಪ್ಪ ಎನ್ನುತ್ತಿದ್ದರು. ಫೋನು ಮಾಡಿ ಯಾರೇ “ಯಾವಾಗ ಬಂದ್ರೆ ಚೆನ್ನ?” ಎಂದು ಕೇಳಲಿ, ಅವನು ಬಾಯಿಪಾಠದ ಪದ್ಯ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ: “ಮಳೆ ನಿಂತ ಹೊಸದರಲ್ಲಿ ಬೇಡಿ, ಹುಲ್ಲು ಆಳೆತ್ತರ, ಆನೆ ಪಕ್ಕದಲ್ಲಿ ನಿಂತ್ರೂ ಕಾಣಲ್ಲ. ಚಳೀಲಿ ಹಕ್ಕಿ ಸಿಗ್ತವೆ, ಪ್ರಾಣಿ ಸಿಗಲ್ಲ. ಎಲೆ ಉದುರಿ, ಹಳ್ಳ ಬತ್ತಿ, ಕೆರೆ ಒಂದೇ ಉಳಿದಾಗ ಬನ್ನಿ. ಆ ಎರಡು ತಿಂಗಳು ಕಾಡಿಗೆ ಕಾಡೇ ನೀರಿಗೆ ಬರುತ್ತೆ.”

ಸುಳ್ಳೇನಲ್ಲ. ಆ ಎರಡು ತಿಂಗಳು ಟೆಂಟಿನ ಮುಂದಿನ ಕುರ್ಚಿಯಲ್ಲಿ ಕೂತವರಿಗೆ, ಕೈಯ ಟೀ ಆರುವುದರೊಳಗೆ, ಎದುರು ದಡದಲ್ಲಿ ಆನೆಗಳ ಸಾಲು ಇಳಿದು ಬರುತ್ತಿತ್ತು. ಬಂದವರು ಕೈ ಮುಗಿದು ಹೋಗುತ್ತಿದ್ದರು.

ಆ ಪಾಠವನ್ನು ಅವನಷ್ಟೇ ಚೆನ್ನಾಗಿ ಬಲ್ಲವಳು ಇನ್ನೊಬ್ಬಳಿದ್ದಳು. ಅವನ ಅಕ್ಕ. ಅರ್ಧ ದಿನದ ಬಸ್ಸಿನ ದಾರಿಯಾಚೆ, ಪೇಟೆಯ ಒಂದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಅವಳ ಹೊಲಿಗೆ ಅಂಗಡಿ. ಕ್ಯಾಂಪಿನಲ್ಲಿ ಟೆಂಟಿನ ಬಟ್ಟೆ ಎಲ್ಲಿ ಹರಿದರೂ ಅದನ್ನು ಸುತ್ತಿ ಜೀಪಿನಲ್ಲಿ ಅವಳಲ್ಲಿಗೇ ಕಳಿಸುವುದು. ದಪ್ಪ ಕ್ಯಾನ್ವಾಸಿಗೆ ಮಷಿನ್ನು ಹಿಡಿಯದೆಂದು ಅವಳು ನೆಲದ ಮೇಲೆ ಹರಡಿಕೊಂಡು, ಮಂಡಿಯೂರಿ, ದಬ್ಬಳದಲ್ಲಿ ಕೈಹೊಲಿಗೆ ಹಾಕುತ್ತಿದ್ದಳು. ಪ್ರತಿ ಹೊಲಿಗೆಯ ಕೊನೆಗೆ ಕೆಂಪು ದಾರದ ಒಂದು ಪುಟ್ಟ ಗಂಟು. “ನನ್ನ ಹೊಲಿಗೆ ಬಿಚ್ಕೊಂಡ್ರೆ ಬೈಯೋಕೆ ಗುರುತು ಬೇಕಲ್ಲೋ” ಎನ್ನುವಳು. ಹನ್ನೊಂದು ವರ್ಷ ಹೀಗೆ ಹನ್ನೆರಡೂ ಟೆಂಟುಗಳು ಅವಳ ಕೈಯಲ್ಲಿ ಹಾದು ಹೋದವು. ಒಂದೇ ಒಂದು ಟೆಂಟು ಎದ್ದು ನಿಂತದ್ದನ್ನು ಮಾತ್ರ ಅವಳು ನೋಡಿರಲಿಲ್ಲ.

“ಯಾವಾಗ ಬರಲೋ ತಮ್ಮಾ?”

“ಈಗ ಬೇಡಕ್ಕ, ಹುಲ್ಲು...”

“ಆಳೆತ್ತರ. ಆನೆ ಪಕ್ಕದಲ್ಲಿ ನಿಂತ್ರೂ ಕಾಣಲ್ಲ. ಗೊತ್ತು ಬಿಡು” ಎಂದು ಅವಳೇ ಉಳಿದದ್ದನ್ನು ಮುಗಿಸಿ ನಗುವಳು. ಎಲೆ ಉದುರುವ ಹೊತ್ತಿಗೆ ಕ್ಯಾಂಪು ಭರ್ತಿ. ಮೇನೇಜರೇ ಉಗ್ರಾಣದಲ್ಲಿ ಹಗ್ಗದ ಸುರುಳಿಗಳ ನಡುವೆ ಮಲಗುವ ಪಾಡು. “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ನಿನ್ನ ಟೆಂಟು ಖಾಲಿ ಇದ್ದಾಗ ಆನೆ ಇಲ್ಲ, ಆನೆ ಇದ್ದಾಗ ಟೆಂಟಿಲ್ಲ” ಎಂದು ಅವಳು ಫೋನಿಡುವಳು.

ಅವನಿಗೆ ಅವಳನ್ನು ಕರೆಯುವ ಮನಸ್ಸಿರಲಿಲ್ಲವೆಂದಲ್ಲ. ತಾಯಿ ಹೋದಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೇಳು. ತನ್ನ ತಟ್ಟೆಯಲ್ಲಿದ್ದುದನ್ನು ಅವನ ತಟ್ಟೆಗೆ ಸರಿಸಿ ಬೆಳೆಸಿದವಳು. ಅಂಥವಳಿಗೆ ಕೊಟ್ಟರೆ ಒಳ್ಳೆಯದನ್ನೇ ಕೊಡಬೇಕು, ಖಾಲಿ ಕೆರೆ ತೋರಿಸಿ ಕಳಿಸಬಾರದು ಎಂದು ಅವನ ಹಟ. ಊರಿಗೆಲ್ಲ ಹೇಳುವ ಮಾತನ್ನೇ ಒಡಹುಟ್ಟಿದವಳಿಗೂ ಹೇಳುತ್ತ ಹನ್ನೊಂದು ವರ್ಷ ಕಳೆದ.

ಹಿಂದಿನ ಮಳೆ ನಿಂತ ಹೊಸದರಲ್ಲಿ ಒಂದು ಕೋತಿ ಏಳನೇ ಟೆಂಟಿನ ಬಾಗಿಲ ಪರದೆಯನ್ನು ಮೇಲಿಂದ ಕೆಳಗಿನವರೆಗೆ ಸೀಳಿತು. ಪರದೆ ಅಕ್ಕನಲ್ಲಿಗೆ ಹೋಯಿತು. ಎಂದೂ ವಾರಕ್ಕೆ ಮೀರಿ ಇಟ್ಟುಕೊಳ್ಳದವಳು ಈ ಸಲ ತಿಂಗಳಾದರೂ ಕಳಿಸಲಿಲ್ಲ. ಅವನು ಫೋನು ಮಾಡಿದ.

“ಅಕ್ಕ, ಬಾಗಿಲು ಆಯ್ತಾ? ಆ ಜಾಗಕ್ಕೆ ಚಾಪೆ ಕಟ್ಟಿದೀನಿ, ಜನ ನಗ್ತಾರೆ.”

“ಅರ್ಧ ಆಗಿದೆ ಕಣೋ. ಕೈ ಓಡ್ತಿಲ್ಲ.” ಆಮೇಲೆ ಕೇಳಿದಳು: “ನಾನೇ ತಂದು ಕೊಡ್ಲಾ? ಈಗ ಬಂದ್ಬಿಡ್ಲಾ?”

“ಈಗ ಬಂದು ಏನು ನೋಡ್ತೀಯ? ಇನ್ನೆರಡು ತಿಂಗಳು ತಡ್ಕೋ. ಈ ಸಲ ಒಂದು ಟೆಂಟು ಹೇಗಾದ್ರೂ ಹಿಡಿದಿಡ್ತೀನಿ.”

“ಎರಡು ತಿಂಗಳಾ” ಎಂದಳು ಅಕ್ಕ. ಅವತ್ತು ಪಾಠ ಒಪ್ಪಿಸಲಿಲ್ಲ, ನಗಲೂ ಇಲ್ಲ. ಕಾಯಿಲೆಯ ಮಾತು ತೆಗೆಯಲೇ ಇಲ್ಲ. ಅವನು ಕೇಳಲೂ ಇಲ್ಲ.

ಎರಡು ತಿಂಗಳಿಗೆ ಎಂಟು ದಿನ ಬಾಕಿ ಇರುವಾಗ ಅವಳು ಹೋದಳು. ಕ್ಯಾಂಪು ಆಗಲೇ ಕಿಕ್ಕಿರಿದಿತ್ತು. ಅವನು ಬಸ್ಸು ಹಿಡಿದು ತಲಪುವಷ್ಟರಲ್ಲಿ ಎಲ್ಲ ಮುಗಿದು, ಜನ ಕರಗಿ, ಮೆಟ್ಟಿಲ ಕೆಳಗಿನ ಅಂಗಡಿಯ ಬಾಗಿಲು ಹಾಕಿತ್ತು. ಭಾವನ ಎದುರು ಒಂದು ಗಂಟೆ ತಲೆ ತಗ್ಗಿಸಿ ಕೂತಿದ್ದು ಮರಳಿದ. ಭಾವ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ ಆ ಭಾವ ಬರುವವನಿದ್ದ.

ವಾರದ ಕೆಳಗೆ ಅಂಚೆಯಲ್ಲಿ, ಟೆಂಟು ಕಾದಿರಿಸುವ ಕ್ಯಾಂಪಿನದೇ ಅರ್ಜಿ ಬಂದಿತ್ತು. ಅವನೇ ಯಾವತ್ತೋ ಅಕ್ಕನ ಅಂಗಡಿಯಲ್ಲಿ ಬಿಟ್ಟುಬಂದದ್ದು. ಹೆಸರು, ವಿಳಾಸ, ‘ಎಷ್ಟು ಜನ: ಇಬ್ಬರು’, ಎಲ್ಲ ಅಕ್ಕನ ಓರೆ ಅಕ್ಷರ. ತಾರೀಕಿನ ಜಾಗ ಮಾತ್ರ ಅವಳು ಖಾಲಿ ಬಿಟ್ಟಿದ್ದಳು. ಅದನ್ನು ಭಾವ ಬೇರೆ ಶಾಯಿಯಲ್ಲಿ ತುಂಬಿದ್ದ. ತುಂಬಿದ್ದು ಮಳೆಗಾಲಕ್ಕೆ ಟೆಂಟು ಇಳಿಸುವ ವಾರದ ದಿನ! ಮೊದಲ ಮಳೆ ಬಿದ್ದು, ಕಾಡಿನ ಹೊಂಡಗಳಲ್ಲೆಲ್ಲ ನೀರಾಗಿ, ಪ್ರಾಣಿಗಳು ಕೆರೆ ಮರೆತು ಚದುರುವ ಹೊತ್ತು. ಬರಬಾರದ ಹೊತ್ತುಗಳಲ್ಲೆಲ್ಲ ಬರಬಾರದ ಹೊತ್ತು. ಬೇಡ ಎಂದು ಬರೆಯಲು ಅವನು ಮೂರು ಸಲ ಪೆನ್ನು ಹಿಡಿದ. ಮೂರು ಸಲವೂ ಕೈ ಏಳಲಿಲ್ಲ.

ಭಾವ ಬರುವ ದಿನ ಬೆಳಿಗ್ಗೆಗೆ ಹನ್ನೊಂದು ಟೆಂಟುಗಳು ಇಳಿದು, ಒಣಗಿ, ಉಗ್ರಾಣ ಸೇರಿದ್ದವು. ನೆಲದ ಮೇಲೆ ಹನ್ನೊಂದು ಹಳದಿ ಚೌಕಗಳಷ್ಟೇ ಉಳಿದಿದ್ದವು. ಏಳನೆಯದೊಂದು ನಿಂತಿತ್ತು. ಗೂಟ ಕೀಳುವ ಮುದುಕನನ್ನು ಎಲ್ಲರೂ ಗೂಟದಜ್ಜ ಎನ್ನುವರು. ಅವನು ಆಕಾಶ ನೋಡಿ ಹೇಳಿದ: “ಮಧ್ಯಾಹ್ನಕ್ಕೆ ಮಳೆ ಬರುತ್ತೆ ಸಾರ್. ಇದನ್ನೂ ಇಳಿಸಿಬಿಡೋಣ. ಒದ್ದೆ ಬಟ್ಟೆ ಮಡಿಸಿದ್ರೆ ಬೂಷ್ಟು ಹಿಡಿಯುತ್ತೆ ಅಂತ ನೀವೇ ಕೂಗಾಡ್ತೀರಲ್ಲ.”

“ಇರಲಿ, ಅಜ್ಜ. ನಮ್ಮ ಭಾವ ಬರ್ತಿದಾರೆ.”

“ಈಗಲಾ? ಏನು ನೋಡೋಕೆ? ನಮ್ಮನ್ನಾ?”

ಹನ್ನೊಂದು ಗಂಟೆಗೆ ಜೀಪು ಬಂತು. ಇಳಿದವನು ಭಾವ ಒಬ್ಬನೇ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಆಸಾಮಿ. ನಿಂತಲ್ಲೇ ನಿಂತರೂ ಕಾಲು ಅಗಲಿಸಿ, ತೂಗುವ ಬಸ್ಸಿನಲ್ಲಿ ನಿಂತಂತೆ ನಿಲ್ಲುವವನು. ಈಗ ಕೆನ್ನೆ ಒಳಸೇರಿತ್ತು, ಅಂಗಿ ಮೈಮೇಲೆ ತೇಲುತ್ತಿತ್ತು. ಕಂಕುಳಲ್ಲಿ ಒಂದು ಸುರುಳಿ.

“ಚೆನ್ನಾಗಿದೀಯಾ?” ಎಂದ.

“ಹೂಂ, ಭಾವ. ಆದ್ರೆ ಈಗ... ಪ್ರಾಣಿ ಒಂದೂ ಇಲ್ಲ ಭಾವ. ಹೋದ ತಿಂಗಳು ಬಂದಿದ್ರೆ...”

“ಪ್ರಾಣಿ ಯಾರಿಗೆ ಬೇಕು? ಮೂವತ್ತು ವರ್ಷ ಬಸ್ಸಲ್ಲಿ ನೋಡಿದೀನಿ. ಟೆಂಟು ತೋರಿಸು.”

ಏಳನೆಯದರ ಮುಂದೆ ನಿಂತು ಭಾವ ತಲೆಯೆತ್ತಿ ನೋಡಿದ. ನೋಡೇ ನೋಡಿದ.

“ಇಷ್ಟು ಎತ್ತರವಾ ಇದು! ಅವಳ ಅಂಗಡಿ ನೆಲದ ಮೇಲೆ ಜಮಖಾನದ ಥರ ಬಿದ್ದಿರ್ತಿತ್ತು. ‘ಇದು ನಿಂತರೆ ಎಷ್ಟೆತ್ತರ ಇರಬಹುದು ಹೇಳಿ’ ಅಂತ ಕೇಳೋಳು. ‘ನಿನ್ನಷ್ಟೆತ್ತರ’ ಅಂತಿದ್ದೆ ನಾನು. ತಪ್ಪು ಹೇಳಿದ್ದೆ.”

ಸುರುಳಿ ಬಿಚ್ಚಿದ. ಬಾಗಿಲ ಪರದೆ. ಸೀಳು ಮೇಲಿಂದ ನಡುವಿನವರೆಗೆ ಕೂಡಿತ್ತು, ಇರುವೆ ಸಾಲಿನಂಥ ಹೊಲಿಗೆ. ಅಲ್ಲಿಂದ ಕೆಳಗೆ ಬಾಯಿ ಬಿಟ್ಟಿತ್ತು. ಹೊಲಿಗೆ ನಿಂತಲ್ಲಿ ದಬ್ಬಳ ಚುಚ್ಚಿದ ಹಾಗೇ ಇತ್ತು, ದಾರದ ಸಮೇತ.

“ಬೇರೆ ದರ್ಜಿ ಹತ್ರ ಮುಗಿಸಿಕೊಂಡು ಬರ್ಬೇಕು ಅಂದ್ಕೊಂಡೆ. ಆ ದಬ್ಬಳ ಕೀಳೋಕೆ ಆಗ್ಲಿಲ್ಲ” ಎಂದ ಭಾವ.

ಇಬ್ಬರೂ ಸೇರಿ ಪರದೆಯನ್ನು ಕಟ್ಟಿದರು. ಒಂದು ಕಡೆ ಭಾವ, ಒಂದು ಕಡೆ ತಮ್ಮ. ಕಣ್ಣಿಗೆ ಕಣ್ಣು ಸೇರಿಸದೆ ಮಾತಾಡುವುದಕ್ಕೆ ಅನುಕೂಲವಾದ ಕೆಲಸ. ಗಂಟು ಹಾಕುತ್ತಲೇ ಅವನು ಕೇಳಿದ: “ಅರ್ಜೀಲಿ ಇಬ್ಬರು ಅಂತ ಇತ್ತು, ಭಾವ. ಅಕ್ಕ... ನಿಮ್ಮಿಬ್ಬರಿಗೇ ಅಂತ ಬರೆದಿದ್ಲಲ್ವಾ?”

ಭಾವನ ಕೈ ನಿಂತಿತು.

“ನಾನೂ ಹಾಗೇ ಅಂದ್ಕೊಂಡಿದ್ದೆ. ‘ನಿಮ್ಮನ್ನ ಯಾರು ಕರೆದ್ರು?’ ಅಂದ್ಲು. ‘ಇಬ್ಬರು ಅಂದ್ರೆ ನಾನು, ನನ್ನ ತಮ್ಮ. ಅಮ್ಮ ಹೋದ ವರ್ಷ ಅವನು ಹಗಲಲ್ಲೂ ಒಬ್ಬನೇ ಮಲಗ್ತಿರಲಿಲ್ಲ, ಕಂಬಳಿ ಮುಚ್ಚಿ ಗೂಡು ಮಾಡಿ ಒಳಗೆ ಕೂರಿಸ್ಕೋತಿದ್ದೆ. ಈಗ ಅವನ ಗೂಡಲ್ಲಿ ಒಂದಿನ ಕೂರ್ಬೇಕು. ನೀವು ಬೇಕಾದ್ರೆ ಜೀಪಲ್ಲಿ ಮಲ್ಕೊಳ್ಳಿ’ ಅಂದ್ಲು.”

ಮೇನೇಜರ್ ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಹಾಕಿದ.

“ಆನೆ ನೋಡ್ಬೇಕು ಅಂತ ಅವಳು ಒಂದು ದಿನಾನೂ ಅಂದೋಳಲ್ಲ ಕಣೋ. ಆನೆ ಮಾತೆಲ್ಲ ನಿಂದೇ.”

“ನಂಗೆ ಗೊತ್ತಾಗ್ಲಿಲ್ಲ ಭಾವ. ಒಳ್ಳೇ ಟೈಮಲ್ಲಿ ಕರೀಬೇಕು ಅಂತ...”

“ಮೂವತ್ತು ವರ್ಷ ಕಂಡಕ್ಟರಾಗಿದ್ದೆ. ಸೀಟಿಲ್ಲ ಅಂತ ಒಬ್ಬರನ್ನೂ ಸ್ಟಾಪಲ್ಲಿ ಬಿಟ್ಟು ಬಂದಿಲ್ಲ. ನಿಂತ್ಕೊಂಡೇ ಬರ್ತಿದ್ರು ಜನ. ಅವಳೂ ನಿಂತ್ಕೊಂಡೇ ಬಂದಿರೋಳು.” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. “ಸಾಕು ಬಿಡು. ಸ್ವಲ್ಪ ಮಲಗ್ತೀನಿ. ಆ ಮನೇಲಿ ನಿದ್ದೆ ಹತ್ತಲ್ಲ.”

ಭಾವ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮಂಚದ ಮೇಲೆ ಮಲಗಿದ. ಮೇಲಿನ ಬಟ್ಟೆಯಲ್ಲಿ ಹಗಲ ಬೆಳಕು ಸೋಸಿ ಬರುತ್ತಿತ್ತು. ಹನ್ನೊಂದು ವರ್ಷದ ತೇಪೆಗಳು ಗಾಢವಾಗಿ, ಒಂದೊಂದರ ತುದಿಗೂ ಕೆಂಪು ಗಂಟು ಕಾಣುತ್ತಿತ್ತು. ಭಾವ ಬೆರಳು ಎತ್ತಿ ಎಣಿಸತೊಡಗಿದ. ಒಂಬತ್ತಕ್ಕೋ ಹತ್ತಕ್ಕೋ ಬೆರಳು ಎದೆಯ ಮೇಲೆ ಇಳಿಯಿತು. ಗೊರಕೆ ಶುರುವಾಯಿತು.

ಪರದೆ ಇಳಿಬಿಟ್ಟು ಮೇನೇಜರ್ ಹೊರಗೆ ಬಂದ. ಆಗಲೇ ಗಾಳಿ ಎದ್ದಿತು. ಹೊಲಿಯದೆ ಉಳಿದ ಕೆಳಗಿನ ಅರ್ಧ ಪಟಪಟ ಬಡಿದುಕೊಂಡು ಬಾಯಿ ಬಿಟ್ಟಿತು. ಮೊದಲ ಹನಿಗಳು ನೇರ ಒಳಗೆ, ಮಂಚದ ಕಾಲಿನ ತನಕ ಹಾರಿದವು. ಅವನು ಥಟ್ಟನೆ ಕುಕ್ಕರಗಾಲಲ್ಲಿ ಕೂತು ಎರಡು ಅಂಚುಗಳನ್ನು ಕೂಡಿಸಿ ಹಿಡಿದ.

ಗೂಟದಜ್ಜ ತಲೆಗೆ ಗೋಣಿ ಹೊದ್ದು ಓಡಿ ಬಂದ. “ಸಾರ್, ದಬ್ಬಳ ಅಲ್ಲೇ ಇದೆಯಲ್ಲ, ನಾನು ನಾಲ್ಕು ಹೊಲಿಗೆ ಹಾಕ್ಲಾ?”

“ಬೇಡ ಅಜ್ಜ.”

“ಬಟ್ಟೆ ನೆನೀತಿದೆ. ಬೂಷ್ಟು...”

“ಹಿಡಿಯಲಿ.”

ಅಜ್ಜ ಅವನ ಮುಖ ನೋಡಿದ. ಹೋಗಲಿಲ್ಲ, ತನ್ನ ಗೋಣಿಯನ್ನು ಅವನ ಬೆನ್ನಿಗೆ ಹೊದಿಸಿ ಪಕ್ಕದಲ್ಲೇ ನಿಂತ. ಮಳೆ ಜೋರಾಯಿತು. ಅವನ ಬೆರಳುಗಳು ಅಕ್ಕನ ಕೊನೆಯ ಹೊಲಿಗೆಯ ಕೆಳಗೇ ಇದ್ದವು. ಗಾಳಿ ಬೀಸಿದಾಗಲೆಲ್ಲ ದಬ್ಬಳದ ದಾರ ಅವನ ಮಣಿಕಟ್ಟಿಗೆ ತಗಲುತ್ತಿತ್ತು.

“ಸಾರ್” ಎಂದು ಅಜ್ಜ ಪಿಸುಗುಟ್ಟಿದ. “ಆ ದಡ ನೋಡಿ. ಆನೆ. ಮರಿನೂ ಇದೆ. ಈ ಹೊತ್ತಲ್ಲಿ!”

ಅವನು ತಿರುಗಲಿಲ್ಲ. ತಿರುಗಿದರೆ ಕೈ ಸಡಿಲವಾಗುತ್ತಿತ್ತು. ಒಳಗೆ ಭಾವ ಮಗ್ಗಲು ಬದಲಿಸಿದ ಸದ್ದಾಯಿತು. ಅವನು ಅಂಚುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.