ಸಣ್ಣ ರೇಡಿಯೋ

“ಬಂದಳು ನೋಡ್ರಿ, ನಮ್ಮ ಸಣ್ಣ ರೇಡಿಯೋ!” ಎಂದು ಚಾವಡಿಯ ಸಿಪಾಯಿ ಫಕ್ರುಸಾಬ ನಕ್ಕ. ಭರಮವ್ವ ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡು ಕಂಬದ ಹಿಂದೆ ಕುಳಿತಳು. ಸವಣೂರಿನ ಚಾವಡಿಗೆ ಸರಕಾರದ ರೇಡಿಯೋ ಬಂದಾಗಿನಿಂದ ಅವಳ ಜಾಗ ಅದೇ. ಲಕ್ವ ಹೊಡೆದು ಮಲಗಿದ್ದ ಅಪ್ಪ ಚೌಡಪ್ಪನಿಗೆ, ಕೇಳಿದ್ದನ್ನು ಒಂದು ಶಬ್ದ ಬಿಡದೆ ಒಪ್ಪಿಸುವುದು ಅವಳ ಕೆಲಸ.

ಹೋದ ವರ್ಷ ತೋಟದ ವೀಳ್ಯದೆಲೆ ಬಳ್ಳಿಗೆ ಕೊಳೆ ಬಿದ್ದಾಗ, ಮೈಲುತುತ್ತ ಸುಣ್ಣ ಕಲಸಿ ಹೊಡೆಯಿರೆಂದು ರೇಡಿಯೋ ಹೇಳಿತ್ತು. ನೆರೆಯವರು ನಕ್ಕರು. ಅಣ್ಣ ಮಾಳಪ್ಪ ಮಾತ್ರ ತಂಗಿಯ ಮಾತು ಕೇಳಿ ಹೊಡೆದ, ತೋಟ ಉಳಿಯಿತು. ಅಂದಿನಿಂದ ಆ ಮನೆಯಲ್ಲಿ ರೇಡಿಯೋದ ಮಾತೆಂದರೆ ಹಿರಿಯರ ಮಾತು.

ಬ್ರಿಟಿಷರು ತೊಲಗಬೇಕೆಂದು ಹುಡುಗರು ಎದ್ದ ಆ ಆಗಸ್ಟಿನಲ್ಲಿ ಮಾಳಪ್ಪನೂ ಶಿಗ್ಗಾವಿಯ ಹಾದಿಯಲ್ಲಿ ತಾರಿನ ತಂತಿ ಕತ್ತರಿಸಿ ಬಂದು, ತೋಟದ ದಟ್ಟ ನೆರಳಿನಲ್ಲಿ ಅಡಗಿದ್ದ. ಎಲೆತೋಟದೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಬೇಲಿಯ ಬಳಿ ಅವನು ಕಳಚಿಟ್ಟ ಜೋಡನ್ನು ಭರಮವ್ವನೇ ಬುಟ್ಟಿಯಡಿ ಮುಚ್ಚಿಟ್ಟಿದ್ದಳು.

ಅಂದು ಸಂಜೆ ರೇಡಿಯೋ ಹೇಳಿತು: “ಜಿಲ್ಲೆಯಲ್ಲಿ ಎಲ್ಲೆಡೆ ಶಾಂತಿ ನೆಲೆಸಿದೆ. ಸಂತೆ, ಸಂಚಾರ ಎಂದಿನಂತೆ ನಡೆದಿವೆ. ಜನರು ನಿರ್ಭಯವಾಗಿ ಓಡಾಡಬಹುದು.”

ಅವಳು ಅಪ್ಪನಿಗೆ ಹೇಳುವ ಮೊದಲೇ ತೋಟಕ್ಕೆ ಓಡಿದಳು.

“ಖರೇನ ಹಂಗಂತಾ?” ಎಂದ ಮಾಳಪ್ಪ. “ಪೊಲೀಸರ ಸುದ್ದಿ ಏನೂ ಹೇಳ್ಲಿಲ್ಲ?”

“ಏನೂ ಇಲ್ಲಣ್ಣ. ಎಲ್ಲಾ ಶಾಂತ ಐತಂತ.”

“ಹಂಗಾರ ನಾಳೆ ಅಕ್ಕಿಆಲೂರ ಸಂತಿಗೆ ಎಲಿ ನಾನ ಒಯ್ತೇನಿ. ಈ ಹಸೀ ನೆಲದಾಗ ಕುಂತು ಕುಂತು ನಾನೂ ಬಳ್ಳಿ ಆಗೇನಿ ನೋಡು. ಎಲಿ ಚಿಗಿಯೂದೊಂದು ಬಾಕಿ.”

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು. ಬೆಳಿಗ್ಗೆ ಬುಟ್ಟಿ ಎತ್ತಿ, ಜೋಡಿನ ಧೂಳು ಕೊಡವಿ ಕೊಟ್ಟವಳೂ ಅವಳೇ.

ಮಧ್ಯಾಹ್ನ ಖಾರದ ತಿಂಡಿ ಮಾರುವ ಹಾಜರಾಬಿ ಏದುಸಿರು ಬಿಡುತ್ತ ಬಂದಳು. “ಮೋಟಾರ ನಿಲ್ಲೂ ಕಡೆನ ಹಿಡದ್ರವ್ವಾ. ಕಾಯ್ಕೊಂಡ ನಿಂತಿದ್ರು. ಹಗ್ಗಾ ಕಟ್ಟಿ ಒಯ್ದ್ರು,” ಎಂದು ಸೆರಗಿನೊಳಗಿಂದ ಒಂದು ಚಪ್ಪಲಿ ತೆಗೆದಿಟ್ಟಳು. ಇನ್ನೊಂದು ಸಿಕ್ಕಿರಲಿಲ್ಲ.

ಚೌಡಪ್ಪ ಮಗಳನ್ನು ಬೈಯಲಿಲ್ಲ. “ಆ ಪೆಟಿಗಿ ಮಾತು ಇನ್ನ ನಮ್ಮ ಹೊಸ್ತಿಲಾ ದಾಟಬಾರ್ದು,” ಎಂದು ಗೋಡೆಯ ಕಡೆ ಮುಖ ಮಾಡಿದ.

ಆದರೂ ಅವಳು ಚಾವಡಿಗೆ ಹೋಗುವುದು ಬಿಡಲಿಲ್ಲ. ಅಣ್ಣನ ಸುದ್ದಿ ಬಂದೀತು ಎಂದು ಕಂಬದ ಹಿಂದೆ ಕೂರುತ್ತಿದ್ದಳು. ರೇಡಿಯೋ ಯುದ್ಧದ ಗೆಲುವು ಹೇಳಿತು, ಅರಳೆಯ ಧಾರಣೆ ಹೇಳಿತು, ಹಾಡಿತು. ಮಾಳಪ್ಪನಂಥವರು ಈ ಜಿಲ್ಲೆಯಲ್ಲಿ ಹುಟ್ಟಿಯೇ ಇರಲಿಲ್ಲವೆಂಬಂತೆ ಮಾತಾಡಿತು. ಫಕ್ರುಸಾಬ ಈಗ ಅವಳನ್ನು ಕಂಡರೆ ತಮಾಷೆ ಮಾಡುತ್ತಿರಲಿಲ್ಲ. ಮುಖ ತಿರುಗಿಸಿ ರೇಡಿಯೋದ ಗುಂಡಿ ತಿರುವುತ್ತಿದ್ದ.

ಒಂದು ಸಂಜೆ ಅದೇ ದನಿ, ಸುತ್ತಿನ ಹಳ್ಳಿಗಳಲ್ಲಿ ಕಾಲರಾ ಬಂದಿದೆ, ನೀರು ಕುದಿಸಿ ಕುಡಿಯಿರಿ ಎಂದಿತು.

ಭರಮವ್ವ ಮನೆಗೆ ಬಂದು ನೀರಿನ ದೊಡ್ಡ ಗಡಿಗೆಯನ್ನು ಒಲೆಗೇರಿಸಿದಳು.

“ಅಡಗಿ ಆತಲ್ಲ, ಮತ್ತ ಯಾಕ ಒಲಿ ಹಚ್ಚಿದಿ?”

“ಸುಮ್ಮನ, ಅಪ್ಪಾ.”

“ಯಾರು ಹೇಳಿದ್ರು?”

ಅವಳು ಊದುಗೊಳವೆಗೆ ಬಾಯಿ ಹಚ್ಚಿದಳು. ನೀರು ಸಣ್ಣಗೆ ಸದ್ದು ಮಾಡತೊಡಗಿತು. ಉರಿಯ ಬೆಳಕು ಬಾಗಿಲ ಮೂಲೆಯ ಒಂಟಿ ಚಪ್ಪಲಿಯವರೆಗೆ ಹೋಗಿ, ಹಿಂದೆ ಸರಿದು, ಮತ್ತೆ ಹೋಗುತ್ತಿತ್ತು.