ಅರ್ಧ ಲೋಟ ನೀರು

“ಸತ್ತ ಒಂಟೆ ತಿನ್ನೋರೂ ಕೋರ್ಟ್ ಹತ್ತೋ ಕಾಲ ಬಂತು,” ಎಂದ ವಾರ್ಸಮೆ, ತುಟಿ ಅಲುಗಿಸದೆ.

ಹೇಳಿದ್ದು ಸೊಮಾಲಿಯಲ್ಲಿ. ಜರ್ಮನ್ ಜಡ್ಜಮ್ಮ ಕಾಗದ ತಿರುವುತ್ತಿದ್ದರು, ಅವರಿಗೆ ಅದೆಲ್ಲಿ ತಿಳಿಯಬೇಕು. ಕೋರ್ಟಿನವರು ನನಗೆ ಕೊಟ್ಟ ದುಭಾಷಿ ಈ ವಾರ್ಸಮೆ. ನಮ್ಮ ದೇಶದವನೇ, ದೊಡ್ಡ ಕುಲದವನು. ಕೂರುವ ಮುಂಚೆ ಕುರ್ಚಿಯನ್ನು ನನ್ನಿಂದ ಒಂದು ಮೊಳ ಆಚೆ ಎಳೆದುಕೊಂಡಿದ್ದ. ಇಂಥವನ ಬಾಯಿಂದಲೇ ನನ್ನ ಜೀವದ ಮಾತು ಹೊರಡಬೇಕಿತ್ತು. ಥೂ.

ನನಗೆ ಆಶ್ರಯ ಕೊಡುವುದಿಲ್ಲವೆಂದು ಇಲ್ಲಿನ ಕಚೇರಿ ಬರೆದು ಕಳಿಸಿತ್ತು. ಅದರ ಮೇಲೆ ಈ ಕೇಸು. ಇದೂ ಬಿದ್ದರೆ ವಿಮಾನ ಹತ್ತಿಸುತ್ತಾರೆ. ಬಂದೂಕಿನವರು ನಮ್ಮ ಚಪ್ಪಲಿ ಅಂಗಡಿ ಸುಟ್ಟು, ಅಣ್ಣನನ್ನು ಬಾಗಿಲಲ್ಲೇ ಕೊಂದದ್ದನ್ನು ಕಚೇರಿಯವರು ನಂಬಿದ್ದರು. ಆದರೆ ‘ರಾಜಧಾನಿ ಮೊಗದಿಶುವಿಗೆ ಹೋಗಿ, ನಿಮ್ಮದು ದೊಡ್ಡ ಕುಲ, ನಿಮ್ಮವರು ನೋಡಿಕೊಳ್ಳುತ್ತಾರೆ’ ಎಂದುಬಿಟ್ಟರು.

ಮೊದಲ ವಿಚಾರಣೆಯಲ್ಲಿ ಕುಲ ಯಾವುದೆಂದು ಕೇಳಿದಾಗ ನಾನು ಒಡೆಯರ ಕುಲದ ಹೆಸರು ಹೇಳಿದ್ದೆ. ತೊಗಲಿನ ಕೆಲಸದ ನಾವೆಲ್ಲ ಹೇಳುವುದೇ ಹಾಗೆ. ಯಾರ ಚಾಕರಿಯೋ ಅವರ ಹೆಸರು. ನಮ್ಮದನ್ನು ಹೇಳಿದರೆ ಎದುರಿನವರು ಉಗಿಯುತ್ತಾರೆ. ಈ ಕೇಸಿನಲ್ಲೇ ಮೊದಲ ಸಲ ನಿಜ ಬರೆಸಿದ್ದೆ.

“ಫ್ರಾವ್ ಸಗಲ್, ಆಗ ಯಾಕೆ ಸುಳ್ಳು ಹೇಳಿದಿರಿ?” ಎಂದು ನನ್ನನ್ನು ಕೇಳಿದರು ಜಡ್ಜಮ್ಮ.

“ಯಾಕೇ ಸುಳ್ ಬೊಗಳ್ದೆ?” ಎಂದು ತಿರುಗಿಸಿದ ವಾರ್ಸಮೆ.

“ತೊಗಲು ಹದ ಮಾಡೋರು ನಾವು. ನಮ್ ಜತೆ ಯಾರೂ ಉಣ್ಣಕಿಲ್ಲ. ಹೆಣ್ ಕೊಡಕಿಲ್ಲ, ತರಕಿಲ್ಲ. ಮೊಗದಿಶುವಾಗೂ ಅಷ್ಟೇಯ. ಕೂಳ್ ಹಂಗಿರ್ಲಿ, ನೀರೂ ಹುಟ್ಟಾಕಿಲ್ಲ.”

ಅವನು ಜರ್ಮನ್‌ನಲ್ಲಿ ಹೇಳಿದ್ದು ಒಂದೇ ಸಾಲು: “ಇವರ ಮನೆಯವರು ಚಪ್ಪಲಿ ವ್ಯಾಪಾರಿಗಳು.”

ಹೋಟೆಲಿನ ಕಕ್ಕಸು ತೊಳೆಯುತ್ತಾ ಅಷ್ಟು ಜರ್ಮನ್ ನನಗೂ ಹತ್ತಿತ್ತು. “ಇವ್ನು ನನ್ ಮಾತು ನುಂಗ್ಬಿಟ್ಟ ಅಮ್ಮಾ. ನಮ್ ಜತೆ ಯಾರೂ ನೀರೂ ಕುಡಿಯಾಕಿಲ್ಲ ಅಂದಿದ್ದೆ,” ಎಂದೆ, ನೇರ ಅವರ ಭಾಷೆಯಲ್ಲೇ.

ವಾರ್ಸಮೆ ನಕ್ಕ. “ಅದೆಲ್ಲ ಹಳೇ ಕಾಲದ್ದು ಮೇಡಂ. ಈಗ ನಮ್ಮಲ್ಲಿ ಎಲ್ಲಾರೂ ಒಂದೇ.”

ನನ್ನ ಮುಂದಿದ್ದ ಲೋಟ ಎತ್ತಿ ಅರ್ಧ ನೀರು ಕುಡಿದೆ. ಉಳಿದದ್ದನ್ನು ಅವನ ಮುಖದ ಮುಂದೆ ಹಿಡಿದೆ.

“ತಗಾ ಅಣ್ಣಾ, ಕುಡಿ. ಎಲ್ಲಾರೂ ಒಂದೇ ಅಂದ್ಯಲ್ಲ.”

“ಕೈ ತೆಗಿಯೇ, ಹಲ್ಕಾ ಮುಂಡೆ,” ಎಂದ ಸೊಮಾಲಿಯಲ್ಲಿ. ಕುರ್ಚಿ ಇನ್ನೊಂದು ಮೊಳ ಹಿಂದೆ ಹೋಯಿತು. ಏನಂದಿರಿ ಎಂದು ಜಡ್ಜಮ್ಮ ಕೇಳಿದರು. ಅವನು ಜರ್ಮನ್‌ನಲ್ಲಿ ಬಲು ನಯವಾಗಿ, “ನನಗೆ ಬಾಯಾರಿಕೆ ಇಲ್ಲ ಅಂದೆ,” ಎಂದ.

ಜಡ್ಜಮ್ಮ ಅವನನ್ನು ನೋಡಿದರು, ಲೋಟವನ್ನು ನೋಡಿದರು. ಕೈಯಲ್ಲಿದ್ದ ಪುಟ್ಟ ರೆಕಾರ್ಡರಿಗೆ ಹೇಳಿದರು: “ಅರ್ಜಿದಾರರು ದುಭಾಷಿಗೆ ನೀರು ಕೊಟ್ಟರು. ದುಭಾಷಿಗೆ ಬಾಯಾರಿಕೆ ಇರಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಲೋಟ ಕೆಳಗಿಡಿ, ಮುಂದುವರಿಸೋಣ,” ಎಂದರು.

ನಾನು ಇಡಲಿಲ್ಲ. ಅವನ ಕಡೆಗೇ ಚಾಚಿ ಹಿಡಿದೆ.

“ಅವ್ನಿಗೆ ಬಾಯಾರ್ಲಿ ಅಮ್ಮಾ,” ಎಂದೆ. “ಕಾಯ್ತೀನಿ.”